ವಾಲ್ವಿನ ಬಾಳಿಕೆ: ಹಳೆಯ ಕಾರಿಗೆ ಹೊಂದುವ ಭಾಗಗಳನ್ನು ಆರಿಸುವ ಬಗೆ

ಗಂಗಾವತಿಯ ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಭತ್ತದ ಗದ್ದೆಗಳು ಹಬ್ಬಿದವು. ಭತ್ತದ ಹಿಂದೆ ಅಕ್ಕಿಯ ಗಿರಣಿಗಳು ಬಂದವು. ಗಿರಣಿಗಳ ಹಿಂದೆ ಲಾರಿ, ಟ್ರಾಕ್ಟರು, ಕಾರುಗಳನ್ನು ದುರಸ್ತಿ ಮಾಡುವ ಗ್ಯಾರೇಜುಗಳು ಬಂದವು. ಇಂಥ ಒಂದು ಗ್ಯಾರೇಜನ್ನು ವಾಚಕರು ಕಲ್ಪಿಸಿಕೊಳ್ಳಲಿ. ಅಲ್ಲಿ ಒಂದು ಹಳೆಯ ಅಂಬಾಸಿಡರ್ ಕಾರು ನಿಂತಿದೆ. ಅದರ ಎಂಜಿನಿನ ಹೆಡ್ಡನ್ನು ಬಿಚ್ಚಿ ಹಲಗೆಯ ಮೇಲೆ ಇಟ್ಟಿದ್ದಾರೆ. ಕಾರಿನ ಒಡೆಯರ ಮಗ, ಕಾಲೇಜಿನ ವಿದ್ಯಾರ್ಥಿ, ಸುಟ್ಟು ಅಂಚು ಹರಿದ ಒಂದು ವಾಲ್ವನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಾನೆ. ಆ ಮನೆಯ ಹಿರಿಯರು ಬಾಡಿಗೆಗೆ ಓಡಿಸಿ ಸಂಸಾರ ನಡೆಸಿದ ಕಾರು ಅದು. ಅದನ್ನು ಗುಜರಿಗೆ ಹಾಕಲು ಯಾರಿಗೂ ಮನಸ್ಸಿಲ್ಲ.

ಹೊಸ ಭಾಗಗಳನ್ನು ತರಬೇಕು. ವಿದ್ಯಾರ್ಥಿಯ ವಿಚಾರ ಸರಳವಾಗಿದೆ: ಎಲ್ಲವೂ ಗಟ್ಟಿಯಾಗಿರಲಿ, ಪಂದ್ಯದ ಕಾರುಗಳಿಗೆ ಹಾಕುವಂಥ ಬಿಗಿಯಾದ ಸ್ಪ್ರಿಂಗುಗಳನ್ನೇ ತರಿಸೋಣ, ಮತ್ತೆ ಹೆಡ್ಡು ಬಿಚ್ಚುವ ಪ್ರಮೇಯವೇ ಬಾರದಿರಲಿ. ಮುದುಕ ಮಿಸ್ತ್ರಿ ತಲೆಯಲ್ಲಾಡಿಸಿ, “ಸ್ಪ್ರಿಂಗ್ ಬಿಗಿ ಆದ್ರ ಅದು ಕ್ಯಾಮ್ ತಿಂತದ, ತಮ್ಮಾ” ಎನ್ನುತ್ತಾನೆ.

ಈ ಮಾತು ನಿಜವೇ? ನಿಜವಾದರೆ ಅದಕ್ಕೆ ಕಾರಣವೇನು? ಶಾಲೆಯಲ್ಲಿ ಕಲಿತ ಸನ್ನೆಗೋಲಿನ ನಿಯಮ, ಜಡತ್ವದ ನಿಯಮ, ಉಷ್ಣದ ಪ್ರಸಾರ—ಇವುಗಳಿಂದಲೇ ಇದಕ್ಕೆ ಉತ್ತರ ಸಿಗುತ್ತದೆ. ಆ ಉತ್ತರವನ್ನು ಹಂತಹಂತವಾಗಿ ಕಂಡುಕೊಳ್ಳುವುದೇ ಈ ಪಾಠದ ಉದ್ದೇಶ.

ವಾಲ್ವಿನ ಕೆಲಸ

ಪಠ್ಯಪುಸ್ತಕಗಳಲ್ಲಿ ಕವಾಟವೆಂದು ಕರೆಯುವ ಭಾಗವನ್ನು ಗ್ಯಾರೇಜಿನಲ್ಲಿ ವಾಲ್ವು ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ. ಅದರ ಆಕಾರ ಉದ್ದ ಕಾಂಡವುಳ್ಳ ಅಣಬೆಯಂತೆ. ಅಗಲವಾದ ತಲೆ ಸಿಲಿಂಡರಿನ ಬಾಯನ್ನು ಮುಚ್ಚುತ್ತದೆ. ಕಾಂಡವು ಗೈಡು ಎಂಬ ಕೊಳವೆಯಲ್ಲಿ ಮೇಲೆ ಕೆಳಗೆ ಜಾರುತ್ತದೆ. ತಲೆಯ ಅಂಚು ಬಂದು ಕೂರುವ ಉಂಗುರಾಕಾರದ ಜಾಗಕ್ಕೆ ಸೀಟು ಎಂದು ಹೆಸರು.

ನಾಲ್ಕು ಹೊಡೆತದ ಎಂಜಿನಿನಲ್ಲಿ ಪ್ರತಿ ಸಿಲಿಂಡರಿಗೂ ಕನಿಷ್ಠ ಎರಡು ವಾಲ್ವುಗಳು ಬೇಕು. ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಒಳಗೆ ಬಿಡುವುದು ಒಂದು. ಉರಿದ ಅನಿಲವನ್ನು ಹೊರಗೆ ಬಿಡುವುದು ಇನ್ನೊಂದು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳು ಎರಡು ಹೊಡೆತದವು. ಅವುಗಳಲ್ಲಿ ಪಿಸ್ಟನ್ನೇ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ತೆರೆದು ಮುಚ್ಚುತ್ತಿದ್ದುದರಿಂದ ಇಂಥ ವಾಲ್ವುಗಳ ಅಗತ್ಯವೇ ಇರಲಿಲ್ಲ. ಆದಕಾರಣ ನಮ್ಮ ಈ ಚರ್ಚೆ ನಾಲ್ಕು ಹೊಡೆತದ ಎಂಜಿನಿಗೆ ಸಂಬಂಧಿಸಿದ್ದು.

ಅಂಬಾಸಿಡರ್ ಕಾರು ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಕಾರನ್ನು ಅನುಸರಿಸಿ ತಯಾರಾದದ್ದು. 1950ರ ದಶಕದ ಕೊನೆಯಲ್ಲಿ ಹೊರಬಂದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಬಹುಕಾಲ ಅದರಲ್ಲಿದ್ದುದು ಬಿ.ಎಂ.ಸಿ. ಬಿ-ಶ್ರೇಣಿಯ 1489 ಘನ ಸೆಂಟಿಮೀಟರಿನ ಪೆಟ್ರೋಲು ಎಂಜಿನು. ನಾಲ್ಕು ಸಿಲಿಂಡರು, ಎಂಟು ವಾಲ್ವು. ವಾಲ್ವುಗಳು ಮೇಲೆ ಹೆಡ್ಡಿನಲ್ಲಿವೆ. ಅವುಗಳನ್ನು ನಡೆಸುವ ಕ್ಯಾಮ್ ಷಾಫ್ಟು ಕೆಳಗೆ ಎಂಜಿನಿನ ಪಾರ್ಶ್ವದಲ್ಲಿದೆ. ಕ್ಯಾಮಿನ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ; ಟ್ಯಾಪೆಟ್ಟು ಪುಷ್ ರಾಡ್ ಎಂಬ ಉದ್ದ ಸರಳನ್ನು ಎತ್ತುತ್ತದೆ; ಸರಳು ರಾಕರ್ ಎಂಬ ಸನ್ನೆಯ ಒಂದು ತುದಿಯನ್ನು ಎತ್ತುತ್ತದೆ; ರಾಕರಿನ ಇನ್ನೊಂದು ತುದಿ ವಾಲ್ವನ್ನು ಕೆಳಗೆ ಒತ್ತಿ ತೆರೆಯುತ್ತದೆ. ತೆರೆದ ವಾಲ್ವನ್ನು ಮತ್ತೆ ಮುಚ್ಚುವ ಕೆಲಸ ಸ್ಪ್ರಿಂಗಿನದು.

ಅಮೆರಿಕದಲ್ಲಿ ‘ಮಸಲ್ ಕಾರು’ ಎಂದು ಹೆಸರಾದ 1960ರ ದಶಕದ ವೇಗದ ಕಾರುಗಳಲ್ಲಿಯೂ ಸಾಮಾನ್ಯವಾಗಿ ಇದೇ ಏರ್ಪಾಡು ಇತ್ತು. 1964ರ ಪಾಂಟಿಯಾಕ್ ಜಿ.ಟಿ.ಓ. ಕಾರಿನ ಎಂಜಿನಿನ ಗಾತ್ರ ಸುಮಾರು 6.4 ಲೀಟರು, ನಮ್ಮ ಅಂಬಾಸಿಡರಿನದು ಒಂದೂವರೆ ಲೀಟರು. ಗಾತ್ರದಲ್ಲಿ ನಾಲ್ಕು ಪಟ್ಟು ವ್ಯತ್ಯಾಸವಿದ್ದರೂ ಎರಡರಲ್ಲಿಯೂ ಕ್ಯಾಮು, ಟ್ಯಾಪೆಟ್ಟು, ಪುಷ್ ರಾಡು, ರಾಕರುಗಳೇ ಇವೆ. ಹಳೆಯ ಕಾರನ್ನು ಇಂದಿನ ರಸ್ತೆಯಲ್ಲಿ ಓಡಿಸಬಯಸುವ ಅಲ್ಲಿನವರಿಗೂ ಗಂಗಾವತಿಯ ವಿದ್ಯಾರ್ಥಿಗೂ ಎದುರಾಗುವ ಪ್ರಶ್ನೆ ಒಂದೇ.

ಹದಿನೈದು ಕೋಟಿ ಸಲ

ಬಾಳಿಕೆಯೆಂದರೆ ಏನೆಂಬುದನ್ನು ಮೊದಲು ಸಂಖ್ಯೆಯಲ್ಲಿ ತಿಳಿಯೋಣ. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಕ್ಯಾಮ್ ಷಾಫ್ಟು ಅದರ ಅರ್ಧ ವೇಗದಲ್ಲಿ, ಎಂದರೆ 1500 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೂ ಪ್ರತಿ ವಾಲ್ವು ಒಮ್ಮೆ ತೆರೆದು ಮುಚ್ಚುತ್ತದೆ. ಗಂಗಾವತಿಯಿಂದ ಕೊಪ್ಪಳದ ಕಡೆಗೆ ಒಂದು ಗಂಟೆ ಪ್ರಯಾಣ ಮಾಡುವುದರೊಳಗೆ ಒಂದೊಂದು ವಾಲ್ವೂ 90,000 ಸಲ ಬಡಿದಿರುತ್ತದೆ. ಗಂಟೆಗೆ 60 ಕಿಲೋಮೀಟರಿನಂತೆ ಒಂದು ಲಕ್ಷ ಕಿಲೋಮೀಟರು ಓಡಲು ಒಂದು ಲಕ್ಷ ನಿಮಿಷ ಬೇಕು. ಅಷ್ಟರಲ್ಲಿ ಪ್ರತಿ ವಾಲ್ವು 15 ಕೋಟಿ ಸಲ ತೆರೆದು ಮುಚ್ಚಿರುತ್ತದೆ!

ಪಂದ್ಯದ ಕಾರಿನ ಸ್ಥಿತಿ ಬೇರೆ. ಅದು ಅತ್ಯಧಿಕ ವೇಗದಲ್ಲಿ ಅಲ್ಪಕಾಲ ಓಡುತ್ತದೆ. ಅನಂತರ ಅದರ ಎಂಜಿನನ್ನು ಬಿಚ್ಚಿ ಪರೀಕ್ಷಿಸಿ ಭಾಗಗಳನ್ನು ಬದಲಾಯಿಸುತ್ತಾರೆ. ರಸ್ತೆಯ ಕಾರಾದರೋ ಮಿತವಾದ ವೇಗದಲ್ಲಿ ವರ್ಷಗಟ್ಟಲೆ ಓಡಬೇಕು. ಒಂದು ತಾಸು ಅಪಾರ ಭಾರವನ್ನು ತಡೆಯುವ ಗುಣವೂ ಹದಿನೈದು ಕೋಟಿ ಸಲ ಸಣ್ಣ ಭಾರವನ್ನು ತಡೆಯುವ ಗುಣವೂ ಒಂದೇ ವಸ್ತುವಿನಲ್ಲಿ ಇರಬೇಕೆಂಬ ನಿಯಮವಿಲ್ಲ. ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡು ಒಂದೊಂದೇ ಭಾಗವನ್ನು ಪರಿಶೀಲಿಸೋಣ.

ಸ್ಪ್ರಿಂಗು: ಎಷ್ಟು ಬಿಗಿ ಸಾಕು?

ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಎಂಜಿನಿನ ನಾಲ್ಕು ಹೊಡೆತಗಳು ಮುಗಿಯಲು 40 ಮಿಲಿಸೆಕೆಂಡು ಸಾಕು. ಅದರಲ್ಲಿ ಮೂರನೆಯ ಒಂದು ಭಾಗ, ಎಂದರೆ ಸುಮಾರು 13 ಮಿಲಿಸೆಕೆಂಡು, ವಾಲ್ವು ತೆರೆದಿರುತ್ತದೆ ಎನ್ನೋಣ. ಅಷ್ಟರಲ್ಲಿ ಅದು 9 ಮಿಲಿಮೀಟರು ಕೆಳಗಿಳಿದು ಮತ್ತೆ ಮೇಲೇರಬೇಕು. ಈ ಚಲನೆಯನ್ನು ಸರಳ ಸಂಗತ ಚಲನೆಯೆಂದು ಭಾವಿಸಿ ಲೆಕ್ಕ ಹಾಕಿದರೆ ಅದರ ಪರಮಾವಧಿ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 1000 ಮೀಟರು ಆಗುತ್ತದೆ. ಇದು ಭೂಮಿಯ ಗುರುತ್ವದ ನೂರು ಪಟ್ಟು. ವಾಲ್ವು ಮತ್ತು ಅದರೊಡನೆ ಚಲಿಸುವ ಭಾಗಗಳ ರಾಶಿ 200 ಗ್ರಾಮಾದರೆ, ಅದನ್ನು ಹಿಂದಕ್ಕೆ ತಿರುಗಿಸಲು 200 ನ್ಯೂಟನ್ ಬಲ ಬೇಕು. ಈ ಬಲವನ್ನು ಸ್ಪ್ರಿಂಗು ಒದಗಿಸಬೇಕು. ಒದಗಿಸದಿದ್ದರೆ ಟ್ಯಾಪೆಟ್ಟು ಕ್ಯಾಮಿನ ಮೇಲ್ಮೈಯನ್ನು ಬಿಟ್ಟು ಹಾರುತ್ತದೆ. ವಾಲ್ವು ಹೊತ್ತಿಗೆ ಸರಿಯಾಗಿ ಮುಚ್ಚದೆ ಸೀಟಿನ ಮೇಲೆ ಬಡಿದು ಪುಟಿಯುತ್ತದೆ.

ಎಂಜಿನಿನ ವೇಗವನ್ನು ಇಮ್ಮಡಿ ಮಾಡಿದರೆ ವೇಗೋತ್ಕರ್ಷ ನಾಲ್ಮಡಿಯಾಗುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ಅನುಗುಣವಾದದ್ದು. 6000 ಸುತ್ತಿನಲ್ಲಿ 200ರ ಬದಲು 800 ನ್ಯೂಟನ್ ಬೇಕು. ಪಂದ್ಯದ ಎಂಜಿನಿಗೆ ಬಿಗಿಯಾದ ಸ್ಪ್ರಿಂಗು ಅನಿವಾರ್ಯವಾದದ್ದು ಈ ಕಾರಣದಿಂದ. ಆದರೆ 6000 ಸುತ್ತನ್ನು ಎಂದೂ ಕಾಣದ ಕಾರಿಗೆ ಅದರಿಂದ ಏನು ಪ್ರಯೋಜನ?

ಪ್ರಯೋಜನವಿಲ್ಲದಿದ್ದರೆ ಹೋಗಲಿ, ಹಾನಿಯೂ ಇದೆ. ರಾಕರು ಒಂದು ಸನ್ನೆ. ಅದರ ವಾಲ್ವಿನ ಕಡೆಯ ತೋಳು ಪುಷ್ ರಾಡಿನ ಕಡೆಯ ತೋಳಿಗಿಂತ ಉದ್ದವಾಗಿರುತ್ತದೆ. ಈ ಅನುಪಾತ 1.5 ಆಗಿದ್ದರೆ ಕ್ಯಾಮು 6 ಮಿಲಿಮೀಟರು ಎತ್ತಿದಾಗ ವಾಲ್ವು 9 ಮಿಲಿಮೀಟರು ತೆರೆಯುತ್ತದೆ. ಚಲನೆಯಲ್ಲಿ ದೊರೆತ ಲಾಭಕ್ಕೆ ಬಲದಲ್ಲಿ ಬೆಲೆ ಕೊಡಬೇಕಲ್ಲವೆ? ವಾಲ್ವಿನ ಮೇಲೆ 800 ನ್ಯೂಟನ್ ಒತ್ತುವ ಸ್ಪ್ರಿಂಗು ಟ್ಯಾಪೆಟ್ಟಿನ ಮೇಲೆ 1200 ನ್ಯೂಟನ್, ಎಂದರೆ ಸುಮಾರು 120 ಕಿಲೋಗ್ರಾಮಿನ ಭಾರವನ್ನು ಹೇರುತ್ತದೆ. ಈ ಭಾರವೆಲ್ಲ ಬೀಳುವುದು ಕ್ಯಾಮಿನ ಉಬ್ಬಿನ ತುದಿಯಲ್ಲಿ, ಗೆರೆಯಷ್ಟು ಕಿರಿದಾದ ಜಾಗದ ಮೇಲೆ.

ಇನ್ನೂ ಒಂದು ಸೂಕ್ಷ್ಮ ಸಂಗತಿಯಿದೆ. ವೇಗವಾಗಿ ಓಡುವಾಗ ವಾಲ್ವಿನ ಜಡತ್ವವು ಸ್ಪ್ರಿಂಗಿನ ಬಲದ ಒಂದು ಭಾಗವನ್ನು ತಾನೇ ಬಳಸಿಕೊಳ್ಳುವುದರಿಂದ ಕ್ಯಾಮಿನ ತುದಿಯ ಮೇಲಣ ಭಾರ ಕಡಮೆಯಾಗುತ್ತದೆ. ನಿಧಾನವಾಗಿ ತಿರುಗುವಾಗ ಈ ಉಪಶಮನವಿಲ್ಲ. ಅಲ್ಲದೆ ನಿಧಾನ ವೇಗದಲ್ಲಿ ಎಣ್ಣೆಯ ಪೊರೆಯೂ ತೆಳುವಾಗಿರುತ್ತದೆ. ಆದ್ದರಿಂದ ಬಿಗಿಯಾದ ಸ್ಪ್ರಿಂಗು ಅತಿ ಹೆಚ್ಚು ಕೆಡುಕು ಮಾಡುವುದು ಕಾರು ಪೇಟೆಯ ಬೀದಿಯಲ್ಲಿ ನಿಂತು ಗುರುಗುಟ್ಟುವಾಗಲೇ! ಮಿಸ್ತ್ರಿಯ ಮಾತಿನ ಅರ್ಥ ಈಗ ತಿಳಿಯುತ್ತದೆ.

ತಯಾರಕರು ತಮ್ಮ ಕ್ಯಾಮಿಗೆ ಗೊತ್ತುಪಡಿಸಿದ ಬಲದ ಸ್ಪ್ರಿಂಗನ್ನೇ ಕೊಳ್ಳಬೇಕು. ಹಳೆಯ ಸ್ಪ್ರಿಂಗುಗಳ ಉದ್ದವನ್ನು ಹೊಸದರೊಡನೆ ಹೋಲಿಸಿ, ಕುಗ್ಗಿದ್ದರೆ ಎಂಟನ್ನೂ ಒಟ್ಟಿಗೆ ಬದಲಾಯಿಸಬೇಕು. ಸ್ಪ್ರಿಂಗನ್ನು ಇಕ್ಕಳದಿಂದ ಗೀಚಬಾರದು. ಗೀರಿನಿಂದಲೇ ಬಿರುಕು ಹುಟ್ಟುತ್ತದೆ.

ಕ್ಯಾಮು ಮತ್ತು ಟ್ಯಾಪೆಟ್ಟು

ಟ್ಯಾಪೆಟ್ಟಿನ ತಳವು ಕಣ್ಣಿಗೆ ಚಪ್ಪಟೆಯಾಗಿ ಕಂಡರೂ ಸಾಮಾನ್ಯವಾಗಿ ಅತ್ಯಲ್ಪವಾಗಿ ಉಬ್ಬಿರುತ್ತದೆ. ಕ್ಯಾಮಿನ ಮೇಲ್ಮೈಯೂ ಅತ್ಯಲ್ಪವಾಗಿ ಒಂದು ಕಡೆಗೆ ಓರೆಯಾಗಿರುತ್ತದೆ. ಇದರಿಂದ ಟ್ಯಾಪೆಟ್ಟು ಮೇಲೆ ಕೆಳಗೆ ಆಡುವುದರ ಜೊತೆಗೆ ತನ್ನ ಸುತ್ತ ತಾನೂ ನಿಧಾನವಾಗಿ ತಿರುಗುತ್ತದೆ. ತಿರುಗುವುದರಿಂದ ಸವೆತ ತಳದ ಎಲ್ಲ ಕಡೆಗೂ ಹಂಚಿಹೋಗುತ್ತದೆ. ತಿರುಗುವುದು ನಿಂತರೆ ಒಂದೇ ಜಾಗ ಉಜ್ಜಿ, ಕೆಲವೇ ಗಂಟೆಗಳಲ್ಲಿ ಕ್ಯಾಮಿನ ಉಬ್ಬು ತೇಯ್ದುಹೋಗಬಹುದು.

ಹೊಸ ಕ್ಯಾಮಿಗೆ ಹೊಸ ಟ್ಯಾಪೆಟ್ಟುಗಳನ್ನೇ ಹಾಕಬೇಕೆಂಬ ನಿಯಮಕ್ಕೆ ಇದೇ ಆಧಾರ. ಹಳೆಯ ಟ್ಯಾಪೆಟ್ಟಿನ ತಳ ತನ್ನ ಹಳೆಯ ಜೊತೆಗಾರನಿಗೆ ತಕ್ಕಂತೆ ಸವೆದಿರುತ್ತದೆ. ಹಳೆಯ ಕ್ಯಾಮನ್ನೇ ಉಳಿಸಿಕೊಳ್ಳುವುದಾದರೆ ಟ್ಯಾಪೆಟ್ಟುಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿ ಇಟ್ಟು, ಅದೇ ಕ್ರಮದಲ್ಲಿ ಹಿಂದಕ್ಕೆ ಹಾಕಬೇಕು. ಎಂಟು ಮನೆಗಳನ್ನು ಕೊರೆದು ಅಂಕೆ ಬರೆದ ಹಲಗೆಯೊಂದು ಇದಕ್ಕೆ ಸಾಕು. ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿಯುವುದು ದುಬಾರಿಯ ಅಚಾತುರ್ಯ.

ಹೊಸ ಕ್ಯಾಮು ಮತ್ತು ಟ್ಯಾಪೆಟ್ಟುಗಳನ್ನು ಹಾಕಿದ ಮೇಲೆ ಮೊದಲ ಇಪ್ಪತ್ತು ನಿಮಿಷ ಅತ್ಯಂತ ಮುಖ್ಯವಾದವು. ಅವುಗಳ ಮೇಲ್ಮೈಗೆ ಜೋಡಣೆಯ ಲೇಪನವನ್ನು ಸವರಿ, ಎಂಜಿನನ್ನು ಚಾಲೂ ಮಾಡಿದ ಕೂಡಲೇ ನಿಮಿಷಕ್ಕೆ ಸುಮಾರು 2000 ಸುತ್ತಿನ ವೇಗಕ್ಕೆ ತಂದು, ಆ ಸುಮಾರಿನಲ್ಲಿಯೇ ಓಡಿಸಬೇಕು. ಹೊಸ ಭಾಗಗಳನ್ನು ಮೆಲ್ಲಗೆ ಓಡಿಸುವುದು ಮೃದುವಾದ ಉಪಚಾರವೆಂದು ತೋರಬಹುದು. ಆದರೆ ನಿಧಾನ ವೇಗದಲ್ಲಿ ಭಾರ ಹೆಚ್ಚು, ಎಣ್ಣೆ ಕಡಮೆ ಎಂಬುದನ್ನು ಮೇಲೆ ಕಂಡಿದ್ದೇವೆ.

ಎಣ್ಣೆಯ ಆಯ್ಕೆಯೂ ಭಾಗಗಳ ಆಯ್ಕೆಯಷ್ಟೇ ಮುಖ್ಯ. ಎಂಜಿನ್ ಎಣ್ಣೆಗೆ ಸತು, ರಂಜಕ, ಗಂಧಕಗಳಿರುವ ಒಂದು ಸಂಯುಕ್ತವನ್ನು ಬೆರೆಸುತ್ತಾರೆ. ಇದಕ್ಕೆ ಝಡ್.ಡಿ.ಡಿ.ಪಿ. ಎಂದು ಸಂಕ್ಷಿಪ್ತ ಹೆಸರು. ಲೋಹ ಲೋಹಕ್ಕೆ ತಾಗುವ ಸ್ಥಳದಲ್ಲಿ ಇದು ತೆಳುವಾದ ರಕ್ಷಾಕವಚವನ್ನು ಕಟ್ಟುತ್ತದೆ. ಆದರೆ ರಂಜಕವು ಇಂದಿನ ಕಾರುಗಳ ಹೊಗೆಯನ್ನು ಶುದ್ಧಿಮಾಡುವ ವೇಗವರ್ಧಕ ಸಾಧನವನ್ನು ಕೆಡಿಸುತ್ತದೆ. ಆದ್ದರಿಂದ 2004ರಲ್ಲಿ ಬಂದ ಅಮೆರಿಕದ ಎ.ಪಿ.ಐ. ಎಸ್.ಎಂ. ದರ್ಜೆಯ ತೆಳು ಎಣ್ಣೆಗಳಲ್ಲಿ ರಂಜಕಕ್ಕೆ ಶೇಕಡಾ 0.08ರ ಮೇಲ್ಮಿತಿಯನ್ನು ವಿಧಿಸಿದರು. ಹೊಸ ಕಾರುಗಳಿಗೆ ಇದು ಒಳ್ಳೆಯದೇ. ಚಪ್ಪಟೆ ಟ್ಯಾಪೆಟ್ಟಿನ ಹಳೆಯ ಎಂಜಿನಿಗೆ ಮಾತ್ರ ಇಂಥ ತೆಳು ಎಣ್ಣೆ ಸಾಲದು. 20-ಡಬ್ಲ್ಯು-50ರಂಥ ದಪ್ಪ ಎಣ್ಣೆಗೆ ಆ ಮಿತಿ ಅನ್ವಯಿಸುವುದಿಲ್ಲ. ಆದರೂ ಡಬ್ಬಿಯ ಮೇಲೆ ಅಥವಾ ತಯಾರಕರ ಪತ್ರದಲ್ಲಿ ಸತು–ರಂಜಕಗಳ ಪ್ರಮಾಣವನ್ನು ಓದಿಯೇ ಕೊಳ್ಳುವುದು ಲೇಸು.

ಲೋಹಕ್ಕೂ ಆಯಾಸವುಂಟು

ಒಂದು ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯುವುದಿಲ್ಲ. ಹಿಂದೆ ಮುಂದೆ ಹಲವು ಸಲ ಬಗ್ಗಿಸಿದರೆ ಮುರಿಯುತ್ತದೆ. ಇದಕ್ಕೆ ಲೋಹದ ಆಯಾಸವೆಂದು ಹೆಸರು. 19ನೆಯ ಶತಮಾನದ ಮಧ್ಯಭಾಗದಲ್ಲಿ ಜರ್ಮನಿಯ ಆಗಸ್ಟ್ ವ್ಯೋಲರ್ ಎಂಬ ಎಂಜಿನಿಯರು ರೈಲುಗಾಡಿಗಳ ಅಚ್ಚುಗಳನ್ನು ಕುರಿತು ನಡೆಸಿದ ಪರೀಕ್ಷೆಗಳಿಂದ ಈ ವಿಷಯ ಶಾಸ್ತ್ರೀಯವಾಗಿ ಸ್ಪಷ್ಟವಾಯಿತು.

ಸಾಮಾನ್ಯ ಉಕ್ಕಿಗೆ ಒಂದು ವಿಶೇಷ ಗುಣವಿದೆ. ಅದರ ಮೇಲೆ ಬೀಳುವ ಪೀಡನ ಒಂದು ನಿರ್ದಿಷ್ಟ ಎಲ್ಲೆಗಿಂತ ಕಡಮೆಯಾಗಿದ್ದು, ಸುಮಾರು ಒಂದು ಕೋಟಿ ಆವೃತ್ತಿಗಳನ್ನು ಅದು ತಾಳಿಕೊಂಡರೆ, ಅನಂತರ ಆಯಾಸದಿಂದ ಮುರಿಯುವ ಸಂಭವ ಬಹಳ ಕಡಮೆ. ಅಲ್ಯೂಮಿನಿಯಮ್ ಮಿಶ್ರಲೋಹಗಳಿಗೆ ಇಷ್ಟು ಸ್ಪಷ್ಟವಾದ ಎಲ್ಲೆಯಿಲ್ಲ. ಪೀಡನ ಸಣ್ಣದಾದರೂ ಆವೃತ್ತಿಗಳು ಹೆಚ್ಚಿದಂತೆ ಅವುಗಳ ಶಕ್ತಿ ಕುಂದುತ್ತಲೇ ಹೋಗುತ್ತದೆ.

ಪಂದ್ಯದ ಸಾಮಾನುಗಳ ಅಂಗಡಿಗಳಲ್ಲಿ ಹೊಳೆಯುವ ಅಲ್ಯೂಮಿನಿಯಮ್ ರಾಕರುಗಳು ಮಾರಾಟಕ್ಕಿರುತ್ತವೆ. ಅವು ಹಗುರ, ವೇಗದ ಎಂಜಿನಿಗೆ ಉಪಯುಕ್ತ. ಆದರೆ ನಮ್ಮ ಲೆಕ್ಕ 15 ಕೋಟಿಯದು! ಬಹುಕಾಲ ಬಾಳಬೇಕಾದ ರಸ್ತೆಯ ಎಂಜಿನಿಗೆ ಉಕ್ಕಿನ ರಾಕರೇ ಯೋಗ್ಯ. ಸ್ಪ್ರಿಂಗಿನ ತಲೆಯ ಮೇಲಣ ತಟ್ಟೆಗೂ ಇದೇ ಮಾತು ಸಲ್ಲುತ್ತದೆ: ಟೈಟೇನಿಯಮ್ಮಿನ ತಟ್ಟೆ ಹಗುರವಾದರೂ ಸ್ಪ್ರಿಂಗಿನ ಉಜ್ಜಾಟಕ್ಕೆ ಬೇಗ ಸವೆಯುತ್ತದೆ, ಉಕ್ಕಿನದು ಹೆಚ್ಚು ಕಾಲ ಬಾಳುತ್ತದೆ.

ಅಂಬಾಸಿಡರಿನ ರಾಕರುಗಳೆಲ್ಲ ಒಂದೇ ದಂಡದ ಮೇಲೆ ಆಡುತ್ತವೆ. ಆ ದಂಡದ ಕೆಳಮೈಯೂ ರಾಕರಿನ ಒಳಗಣ ಬುಷ್ಷೂ ಸವೆದಿದ್ದರೆ, ಎಷ್ಟು ಸರಿಪಡಿಸಿದರೂ ಟ್ಯಾಪೆಟ್ಟಿನ ಶಬ್ದ ಹೋಗುವುದಿಲ್ಲ. ಪುಷ್ ರಾಡುಗಳನ್ನು ಚಪ್ಪಟೆ ಗಾಜಿನ ಮೇಲೆ ಉರುಳಿಸಿ ನೋಡಬೇಕು. ಬಾಗಿದ ಸರಳು ಉರುಳುವಾಗ ಕುಂಟುತ್ತದೆ; ಅದನ್ನು ಬಡಿದು ನೇರ ಮಾಡದೆ ಬದಲಾಯಿಸಬೇಕು.

ಕೆಂಡದಲ್ಲಿ ಕೆಲಸ

ಹೊಗೆ ಹೊರಹೋಗುವ ಎಕ್ಸಾಸ್ಟ್ ವಾಲ್ವಿನ ತಲೆ 700 ಡಿಗ್ರಿ ಸೆಂಟಿಗ್ರೇಡಿನಷ್ಟು, ಕೆಲವು ವೇಳೆ ಅದಕ್ಕೂ ಹೆಚ್ಚು ಕಾಯುತ್ತದೆ. ಆ ಉಷ್ಣತೆಯಲ್ಲಿ ಉಕ್ಕು ಕೆಂಪಾಗಿ ಹೊಳೆಯುತ್ತದೆ. ಈ ಶಾಖ ಎಲ್ಲಿಗೆ ಹೋಗಬೇಕು? ಅದರ ಸುಮಾರು ಮುಕ್ಕಾಲು ಭಾಗ ಸೀಟಿನ ಮೂಲಕ ಹೆಡ್ಡಿಗೂ ಅಲ್ಲಿಂದ ನೀರಿಗೂ ಹರಿಯುತ್ತದೆ. ಉಳಿದದ್ದು ಕಾಂಡದ ಮೂಲಕ ಗೈಡಿಗೆ ಇಳಿಯುತ್ತದೆ. ವಾಲ್ವು ಸೀಟಿಗೆ ಒತ್ತಿಕೊಂಡಿರುವುದು ಪ್ರತಿ 40 ಮಿಲಿಸೆಕೆಂಡಿನಲ್ಲಿ ಸುಮಾರು 27 ಮಿಲಿಸೆಕೆಂಡು ಮಾತ್ರ. ಅದು ತಂಪಾಗಬೇಕಾದದ್ದು ಬಹುಮಟ್ಟಿಗೆ ಆ ಅವಧಿಯಲ್ಲಿಯೇ. ಸೀಟಿನ ಸ್ಪರ್ಶ ಸರಿಯಿಲ್ಲದಿದ್ದರೆ ಶಾಖ ಒಳಗೇ ಉಳಿಯುತ್ತದೆ. ಸಂದಿನಿಂದ ನುಗ್ಗುವ ಬೆಂಕಿಯ ಅನಿಲ ಅಂಚನ್ನು ಕೊರೆಯುತ್ತದೆ. ವಿದ್ಯಾರ್ಥಿಯ ಕೈಯಲ್ಲಿದ್ದ ವಾಲ್ವು ಹಾಗೆ ಸುಟ್ಟದ್ದು.

ಒಳಬರುವ ಮಿಶ್ರಣದಿಂದ ತಂಪಾಗುವ ಇನ್ಲೆಟ್ ವಾಲ್ವಿಗೆ ಸಿಲಿಕಾನ್–ಕ್ರೋಮಿಯಮ್ ಉಕ್ಕು ಸಾಕು. ಎಕ್ಸಾಸ್ಟ್ ವಾಲ್ವಿಗೆ 21-4-ಎನ್ ಎಂಬ ಮಿಶ್ರಲೋಹ ಯೋಗ್ಯ. ಹೆಸರಿನ ಅಂಕೆಗಳು ಅದರಲ್ಲಿರುವ ಶೇಕಡಾ 21 ಕ್ರೋಮಿಯಮ್ ಮತ್ತು ಶೇಕಡಾ 4 ನಿಕಲ್ಲನ್ನು ಸೂಚಿಸುತ್ತವೆ. ‘ಎನ್’ ಎಂಬುದು ಸಾರಜನಕ. ಕೆಂಪಗೆ ಕಾದಾಗಲೂ ಇದು ತನ್ನ ಶಕ್ತಿಯನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ, ಬೇಗ ತುಕ್ಕುಗಟ್ಟುವುದೂ ಇಲ್ಲ. ಆದರೆ ಇದನ್ನು ಸಾಮಾನ್ಯ ಉಕ್ಕಿನಂತೆ ಕಾಸಿ ಅದ್ದಿ ಗಡಸುಮಾಡಲು ಬಾರದು. ಆದಕಾರಣ ಅನೇಕ ವಾಲ್ವುಗಳಲ್ಲಿ ತಲೆಗೆ ಈ ಲೋಹವನ್ನೂ ಕಾಂಡಕ್ಕೆ ಗಡಸಾಗುವ ಉಕ್ಕನ್ನೂ ಬಳಸಿ ಎರಡನ್ನೂ ಬೆಸೆದಿರುತ್ತಾರೆ.

ಇದನ್ನು ಪರೀಕ್ಷಿಸಲು ಒಂದು ಸಣ್ಣ ಅಯಸ್ಕಾಂತ ಸಾಕು. 21-4-ಎನ್ ಲೋಹಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಬೆಸೆದ ವಾಲ್ವಿನಲ್ಲಿ ಕಾಂಡಕ್ಕೆ ಅಂಟಿ ತಲೆಗೆ ಅಂಟದಿರುವುದನ್ನು ಕಾಣಬಹುದು. ಎಕ್ಸಾಸ್ಟ್ ವಾಲ್ವೆಂದು ಮಾರುವ ವಸ್ತುವಿನ ತಲೆಗೆ ಅಯಸ್ಕಾಂತ ಬಲವಾಗಿ ಅಂಟಿದರೆ, ಅದು ಈ ಜಾತಿಯ ಲೋಹವಲ್ಲವೆಂದು ತಿಳಿದು ಇನ್ನೊಮ್ಮೆ ವಿಚಾರಿಸಬೇಕು.

ಸೀಟಿನ ಅಗಲವೂ ವಿಚಾರಾರ್ಹ. ಬಹಳ ಕಿರಿದಾದರೆ ಶಾಖ ಹರಿಯಲು ದಾರಿ ಸಾಲದು. ಬಹಳ ಅಗಲವಾದರೆ ಒತ್ತಡ ಹಂಚಿಹೋಗಿ ಮಸಿ ಸಿಕ್ಕಿಕೊಳ್ಳುತ್ತದೆ. ಒಂದೂವರೆ ಮಿಲಿಮೀಟರಿನ ಆಸುಪಾಸು ಒಳ್ಳೆಯದು. ಎಕ್ಸಾಸ್ಟಿಗೆ ಸ್ವಲ್ಪ ಹೆಚ್ಚಿರಬಹುದು. ವಾಲ್ವು ಉಜ್ಜಿ ಕೂರಿಸಿದ ಮೇಲೆ ಹೆಡ್ಡನ್ನು ತಲೆಕೆಳಗಾಗಿಟ್ಟು ಸೀಮೆಎಣ್ಣೆ ತುಂಬಿ, ಸೋರುತ್ತದೆಯೇ ಎಂದು ನೋಡುವ ಗ್ಯಾರೇಜಿನ ಪದ್ಧತಿ ಸರಳವಾದರೂ ಉಪಯುಕ್ತವಾದದ್ದು.

ಸೀಸ ಹೋದ ಮೇಲೆ

ಹಳೆಯ ಎಂಜಿನುಗಳು ಹುಟ್ಟಿದ್ದು ಸೀಸ ಬೆರೆತ ಪೆಟ್ರೋಲಿನ ಕಾಲದಲ್ಲಿ. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಎಂಬಾತ ಟೆಟ್ರಈಥೈಲ್ ಸೀಸವನ್ನು ಬೆರೆಸಿದರೆ ಎಂಜಿನಿನ ಬಡಿತ ನಿಲ್ಲುತ್ತದೆಂದು ಕಂಡುಕೊಂಡನು. ಇದರಿಂದ ಇನ್ನೊಂದು ಫಲವೂ ಆಯಿತು: ಸೀಸದ ಸಂಯುಕ್ತಗಳು ಸೀಟಿನ ಮೇಲೆ ತೆಳುವಾದ ಪೊರೆಯಾಗಿ ಕುಳಿತು ಲೋಹ ಲೋಹಕ್ಕೆ ನೇರವಾಗಿ ತಾಗದಂತೆ ತಡೆದವು.

ಆದರೆ ಸೀಸ ವಿಷ. ವಿಶೇಷವಾಗಿ ಮಕ್ಕಳ ಮೆದುಳಿಗೆ ಹಾನಿಕರ. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷಬಾಧೆಯನ್ನು ತಡೆಯುವ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದ ಫೆಬ್ರವರಿ 1ರಿಂದ ಭಾರತದಾದ್ಯಂತ ಸೀಸರಹಿತ ಪೆಟ್ರೋಲು ಜಾರಿಗೆ ಬಂದಿತು. 2021ರಲ್ಲಿ ಅಲ್ಜೀರಿಯ ದೇಶವೂ ಕಾರುಗಳ ಪೆಟ್ರೋಲಿನಿಂದ ಸೀಸವನ್ನು ಬಿಟ್ಟ ಮೇಲೆ ಜಗತ್ತಿನಲ್ಲಿ ಎಲ್ಲಿಯೂ ಅದು ಉಳಿಯಲಿಲ್ಲ. ಇದು ಮನುಕುಲಕ್ಕೆ ದೊಡ್ಡ ಲಾಭ. ಹಳೆಯ ಎಂಜಿನೇ ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಬೇಕು.

ಹಳೆಯ ಬಿ-ಶ್ರೇಣಿಯ ಎಂಜಿನಿನಲ್ಲಿ ಸೀಟನ್ನು ಎರಕದ ಕಬ್ಬಿಣದ ಹೆಡ್ಡಿನಲ್ಲಿಯೇ ಕಡೆದಿರುತ್ತಾರೆ. ಸೀಸದ ಪೊರೆಯಿಲ್ಲದೆ ಎಂಜಿನು ಬಹುಹೊತ್ತು ವೇಗವಾಗಿ ಓಡಿದರೆ, ಕಾದ ವಾಲ್ವೂ ಸೀಟೂ ತಾಗಿದ ಕಡೆ ಅತಿ ಸಣ್ಣ ಬೆಸುಗೆಗಳಾಗುತ್ತವೆ. ವಾಲ್ವು ತೆರೆದಾಗ ಅವು ಕಿತ್ತುಬರುತ್ತವೆ. ಹೀಗೆ ಸೀಟು ಕ್ರಮೇಣ ತಗ್ಗಿ, ವಾಲ್ವು ಹೆಡ್ಡಿನೊಳಗೆ ಇಳಿಯುತ್ತದೆ. ಇದಕ್ಕೆ ಪರಿಹಾರವೆಂದರೆ, ಹಳೆಯ ಸೀಟಿನ ಜಾಗವನ್ನು ಕೊರೆದು ಗಡಸು ಮಿಶ್ರಲೋಹದ ಉಂಗುರವನ್ನು ಬಿಗಿಯಾಗಿ ಕೂರಿಸುವುದು. ನುರಿತ ಯಂತ್ರಶಾಲೆಯಲ್ಲಿಯೇ ಇದನ್ನು ಮಾಡಿಸಬೇಕು. ಸಡಿಲವಾದ ಉಂಗುರ ಕಳಚಿ ಬಿದ್ದರೆ ಪಿಸ್ಟನ್ನನ್ನೇ ಒಡೆದೀತು.

ಇಂದಿನ ಪೆಟ್ರೋಲಿನ ಇನ್ನೊಂದು ವಿಶೇಷ ಎಥನಾಲ್. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಉದ್ಘಾಟನೆಯಾಯಿತು. ಒಂದು ಕಿಲೋಗ್ರಾಮು ಪೆಟ್ರೋಲು ಉರಿಯಲು ಸುಮಾರು 14.7 ಕಿಲೋಗ್ರಾಮು ಗಾಳಿ ಬೇಕು. ಎಥನಾಲಿಗೆ 9 ಸಾಕು. ಹಳೆಯ ಕಾರ್ಬ್ಯುರೇಟರು ಇದನ್ನರಿಯದೆ ಮೊದಲಿನಷ್ಟೇ ಇಂಧನವನ್ನು ಬಿಡುವುದರಿಂದ ಮಿಶ್ರಣದಲ್ಲಿ ಗಾಳಿ ಹೆಚ್ಚಾಗುತ್ತದೆ. ಆದ್ದರಿಂದ ಹೆಡ್ಡಿನ ಕೆಲಸ ಮುಗಿದ ಮೇಲೆ ಕಾರ್ಬ್ಯುರೇಟರನ್ನು ಈ ಇಂಧನಕ್ಕೆ ಹೊಂದಿಸಿ, ಎಥನಾಲಿಗೆ ತಡೆಯುವ ರಬ್ಬರು ಕೊಳವೆಗಳನ್ನು ಹಾಕಿಸಬೇಕು.

ಒಂಬತ್ತರ ನಿಯಮ

ವಾಲ್ವಿನ ಕಾಂಡಕ್ಕೂ ರಾಕರಿಗೂ ನಡುವೆ ಕಾಗದದಷ್ಟು ಸಂದು ಇರಬೇಕು. ಕಾದ ಲೋಹ ಹಿಗ್ಗಲು ಈ ಅವಕಾಶ. ಸೀಟು ತಗ್ಗಿದಷ್ಟೂ ವಾಲ್ವಿನ ಕಾಂಡ ಮೇಲಕ್ಕೇರಿ ಸಂದು ಕಿರಿದಾಗುತ್ತದೆ. ಸಂದು ಪೂರ್ತಿ ಮುಚ್ಚಿದರೆ ವಾಲ್ವು ಸೀಟಿನ ಮೇಲೆ ಕೂರುವುದೇ ಇಲ್ಲ. ಗಮನಿಸಿ: ಆಗ ಎಂಜಿನಿನ ಟಕಟಕ ಶಬ್ದ ಕಡಮೆಯಾಗುತ್ತದೆ! ಶಬ್ದ ನಿಂತಿತೆಂದು ಒಡೆಯನು ಸಂತೋಷಪಡುತ್ತಿರುವಾಗಲೇ ವಾಲ್ವು ಸುಡುತ್ತಿರುತ್ತದೆ.

ಸಂದನ್ನು ಫೀಲರ್ ಗೇಜಿನಿಂದ ಅಳೆಯುತ್ತಾರೆ. ಎಷ್ಟಿರಬೇಕೆಂಬುದನ್ನು ಆಯಾ ಎಂಜಿನಿನ ಕೈಪಿಡಿಯಿಂದ ತಿಳಿಯಬೇಕು. ಅಳೆಯುವಾಗ ಆ ವಾಲ್ವಿನ ಟ್ಯಾಪೆಟ್ಟು ಕ್ಯಾಮಿನ ಬೆನ್ನಿನ ಮೇಲಿರಬೇಕು. ಈ ಎಂಜಿನಿನಲ್ಲಿ ಅದಕ್ಕೊಂದು ಸೊಗಸಾದ ಸೂತ್ರವಿದೆ. ವಾಲ್ವುಗಳಿಗೆ ಮುಂದಿನಿಂದ 1ರಿಂದ 8ರ ವರೆಗೆ ಅಂಕೆ ಕೊಡಿ. 8ನೆಯದು ಪೂರ್ತಿ ತೆರೆದಾಗ 1ನೆಯದನ್ನು ಅಳೆಯಿರಿ. 7ನೆಯದು ತೆರೆದಾಗ 2ನೆಯದನ್ನು ಅಳೆಯಿರಿ. ಎರಡು ಅಂಕೆಗಳ ಮೊತ್ತ ಯಾವಾಗಲೂ ಒಂಬತ್ತು.

ಪ್ರತಿ ಎರಡು ಮೂರು ಸಾವಿರ ಕಿಲೋಮೀಟರಿಗೊಮ್ಮೆ ಅಳೆದು ಪುಸ್ತಕದಲ್ಲಿ ಬರೆದಿಡಬೇಕು. ಎಕ್ಸಾಸ್ಟ್ ವಾಲ್ವುಗಳ ಸಂದು ಮತ್ತೆ ಮತ್ತೆ ಕಿರಿದಾಗುತ್ತಿದ್ದರೆ ಸೀಟು ತಗ್ಗುತ್ತಿದೆಯೆಂದು ಅರ್ಥ; ಉಂಗುರ ಹಾಕಿಸುವ ಕಾಲ ಬಂದಿದೆ. ಸಂದು ಸ್ಥಿರವಾಗಿದ್ದು ಕಾರು ಊರೊಳಗೆ ಮೆಲ್ಲಗೆ ಓಡುವುದಾದರೆ ಅವಸರವಿಲ್ಲ.

ಅಂಗಡಿಯಲ್ಲಿ

ಈಗ ನಮ್ಮ ವಿದ್ಯಾರ್ಥಿ ಚೀಟಿಯನ್ನು ಹರಿದು ಹೊಸದನ್ನು ಬರೆಯಬಹುದು. ತಯಾರಕರು ಹೇಳಿದ ಬಲದ ಎಂಟು ಸ್ಪ್ರಿಂಗುಗಳು. 21-4-ಎನ್ ತಲೆಯ ನಾಲ್ಕು ಎಕ್ಸಾಸ್ಟ್ ವಾಲ್ವುಗಳು. ಸಿಲಿಕಾನ್–ಕ್ರೋಮಿಯಮ್ ಉಕ್ಕಿನ ನಾಲ್ಕು ಇನ್ಲೆಟ್ ವಾಲ್ವುಗಳು. ಸವೆದಿದ್ದರೆ ಹೊಸ ಗೈಡುಗಳು. ಹೆಡ್ಡು ಹೇಗೂ ಬಿಚ್ಚಿರುವುದರಿಂದ ಎಕ್ಸಾಸ್ಟಿಗೆ ಗಡಸು ಸೀಟುಗಳು. ಉಕ್ಕಿನ ರಾಕರುಗಳಿಗೆ ಹೊಸ ಬುಷ್ಷು ಮತ್ತು ದಂಡ. ಕ್ಯಾಮು ಚೆನ್ನಾಗಿದ್ದರೆ ಅದೂ ಅದರ ಟ್ಯಾಪೆಟ್ಟುಗಳೂ ತಮ್ಮ ತಮ್ಮ ಜಾಗದಲ್ಲಿ. ಸತು–ರಂಜಕ ಸಾಕಷ್ಟಿರುವ ಎಣ್ಣೆ. ಆನೆಗೊಂದಿಯ ಕಡೆಯ ಕಗ್ಗಲ್ಲಿನ ಗುಡ್ಡಗಳ ದಾರಿಯ ಧೂಳಿನಲ್ಲಿ ಉಕ್ಕನ್ನೂ ಗೀಚಬಲ್ಲ ಬೆಣಚುಕಲ್ಲಿನ ಕಣಗಳಿರುವುದರಿಂದ, ಗಾಳಿಯ ಶೋಧಕವನ್ನು ಚೊಕ್ಕಟವಾಗಿಡುವುದನ್ನೂ ಚೀಟಿಯ ಕೊನೆಯಲ್ಲಿ ಸೇರಿಸಬೇಕು.

ಈ ಪಟ್ಟಿಯಲ್ಲಿ ಪಂದ್ಯದ ಭಾಗ ಒಂದೂ ಇಲ್ಲ. ಗಡಸು ಬೇಕಾದ ಕಡೆ, ಎಂದರೆ ಸೀಟಿನಲ್ಲಿ, ಗಡಸು ಲೋಹವನ್ನೇ ಆರಿಸಿದೆವು. ಬಿಗಿ ಬೇಡದ ಕಡೆ, ಎಂದರೆ ಸ್ಪ್ರಿಂಗಿನಲ್ಲಿ, ಬಿಗಿಯನ್ನು ಬಿಟ್ಟೆವು. ಯಂತ್ರದಲ್ಲಿ ಯಾವ ಭಾಗವೂ ಒಂಟಿಯಾಗಿ ಬಾಳುವುದಿಲ್ಲ. ಸ್ಪ್ರಿಂಗಿನ ಬಾಳು ಕ್ಯಾಮಿನೊಡನೆ, ವಾಲ್ವಿನದು ಸೀಟಿನೊಡನೆ, ಟ್ಯಾಪೆಟ್ಟಿನದು ಎಣ್ಣೆಯೊಡನೆ. ಭಾಗವನ್ನು ಕೊಳ್ಳುವ ಮುನ್ನ ಅದು ಯಾವುದಕ್ಕೆ ತಾಗುತ್ತದೆ, ಎಷ್ಟು ಸಲ ತಾಗುತ್ತದೆ ಎಂದು ಕೇಳುವವನು ಆಯ್ಕೆಯಲ್ಲಿ ತಪ್ಪುವುದು ವಿರಳ.

ಅಭ್ಯಾಸ

1. ಎಂಜಿನು ನಿಮಿಷಕ್ಕೆ 3600 ಸುತ್ತಿನಂತೆ ಎರಡು ಗಂಟೆ ಓಡಿದರೆ ಒಂದು ವಾಲ್ವು ಎಷ್ಟು ಸಲ ತೆರೆಯುತ್ತದೆ?
2. ವೇಗವು 3000ದಿಂದ 4500 ಸುತ್ತಿಗೆ ಏರಿದರೆ ವಾಲ್ವಿನ ವೇಗೋತ್ಕರ್ಷ ಎಷ್ಟು ಪಟ್ಟಾಗುತ್ತದೆ?
3. ರಾಕರಿನ ಅನುಪಾತ 1.4; ಸ್ಪ್ರಿಂಗಿನ ಬಲ 500 ನ್ಯೂಟನ್. ಪುಷ್ ರಾಡಿನ ಮೇಲೆ ಬೀಳುವ ಬಲವೆಷ್ಟು?
4. 3ನೆಯ ವಾಲ್ವಿನ ಸಂದನ್ನು ಅಳೆಯಲು ಯಾವ ವಾಲ್ವು ಪೂರ್ತಿ ತೆರೆದಿರಬೇಕು?
5. ಸಿಲಿಂಡರಿನ ವ್ಯಾಸ 73.025 ಮಿಲಿಮೀಟರು, ಪಿಸ್ಟನ್ನಿನ ಓಟ 88.9 ಮಿಲಿಮೀಟರು. ಅಂಬಾಸಿಡರಿನ ನಾಲ್ಕು ಸಿಲಿಂಡರುಗಳ ಒಟ್ಟು ಗಾತ್ರವನ್ನು ಲೆಕ್ಕ ಹಾಕಿ, ಈ ಲೇಖನದಲ್ಲಿ ಕೊಟ್ಟ ಸಂಖ್ಯೆಯೊಡನೆ ತಾಳೆ ನೋಡಿರಿ.

ಉತ್ತರಗಳು: 1) 2,16,000 ಸಲ. 2) 2.25 ಪಟ್ಟು. 3) 700 ನ್ಯೂಟನ್. 4) 6ನೆಯದು. 5) ಸುಮಾರು 1489 ಘನ ಸೆಂಟಿಮೀಟರು.